ಓಬಳೇಶನಿಗೆ ಕಂಡ ಬೆಳಕು

ವೇದಾವತಿಯ ದಂಡೆಯಲ್ಲಿ ಸಿದ್ಧವೀರಯ್ಯ ಎಂಬ ಗುರುಗಳ ಆಶ್ರಮವಿತ್ತು. ಸುತ್ತಲಿನವರು ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು.

ಅವರ ಬಳಿಗೆ ಓಬಳೇಶನೆಂಬವನು ಶಿಷ್ಯನಾಗಿ ಬಂದ. ಅವನಿಗೆ ನಾಲಿಗೆಯನ್ನು ಗೆಲ್ಲಬೇಕೆಂಬ ಹಟ.

ಬಂದ ದಿನವೇ ವ್ರತ ಹಿಡಿದ. ಬಿಳಿ ಅನ್ನ, ತಿಳಿ ಸಾರು. ಇನ್ನೇನು ಬಡಿಸಲು ಬಂದರೂ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದ.

"ಬಿಳಿಯದು ಸಾತ್ವಿಕ," ಎನ್ನುತ್ತಿದ್ದ.

ಅಜ್ಜಯ್ಯ "ಹೂಂ" ಎಂದರು. ಅವನಿಗೆ ಹಿತ್ತಲಿನ ಕಳೆ ಕೀಳುವ ಸೇವೆ ಕೊಟ್ಟರು.

ಓಬಳೇಶ ಶ್ರದ್ಧೆಯ ಮನುಷ್ಯ. ಬದನೆ ಪಾತಿಯ ನಡುವೆ ತಾನಾಗಿ ಹುಟ್ಟಿದ ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನೆ ಎಲ್ಲವನ್ನೂ ಬೇರುಸಹಿತ ಕಿತ್ತ. ನುಗ್ಗೆಮರದ ಕಾಯಿ ಇಳಿಸಿ ಸೊಪ್ಪನ್ನು ಗುಡಿಸಿದ. ಎಲ್ಲವನ್ನೂ ತಬ್ಬಿ ಎತ್ತಿ ಬೇಲಿಯಾಚೆ ರಂಗಜ್ಜಿಯ ಆಡಿಗೆ ಎಸೆದ.

ಹೀಗೇ ಕೆಲವು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಓಬಳೇಶ ಗೋಡೆ ಹಿಡಿದುಕೊಂಡು ಗುರುಗಳ ಬಳಿ ಬಂದ. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಅಜ್ಜಯ್ಯ, ನನಗೆ ಬೆಳಕು ಕಾಣಿಸಿತು!"

"ಎಂಥ ಬೆಳಕಯ್ಯ?"

"ಮಿಣುಕುಹುಳದಂಥ ಚುಕ್ಕಿಗಳು. ಕಣ್ಣ ಮುಂದೆ ಕುಣಿದವು. ಆಮೇಲೆ ಜಗತ್ತೇ ಮಾಯವಾಯಿತು. ನಾನು ಎಂಬುದೇ ಉಳಿಯಲಿಲ್ಲ."

"ಯಾವಾಗ ಆಯಿತು?"

"ಕಳೆ ಕಿತ್ತು ಎದ್ದು ನಿಂತಾಗ."

"ಕೂತಿದ್ದಾಗ?"

"ಕೂತಿದ್ದಾಗ ಏನೂ ಇಲ್ಲ."

"ಹಾಗಾದರೆ ಏಳುವಾಗ ಎಚ್ಚರವಾಗಿರು," ಎಂದರು ಅಜ್ಜಯ್ಯ.

ಓಬಳೇಶ ಪುಳಕಗೊಂಡ. ಏಳುವುದು ಎಂದರೆ ಆತ್ಮ ಮೇಲೇಳುವುದು. ಎಚ್ಚರ ಎಂದರೆ ಅರಿವು. ಎಂಥ ಉಪದೇಶ! ಆ ದಿನವೆಲ್ಲ ಅದನ್ನೇ ಮೆಲುಕು ಹಾಕಿದ. ಮೆಲುಕು ಹಾಕಲು ಹೊಟ್ಟೆಯಲ್ಲಿ ಬೇರೇನೂ ಇರಲಿಲ್ಲ.

ಸುದ್ದಿ ನದಿ ದಾಟಿತು. ಎದ್ದು ನಿಂತರೆ ಸಾಕು, ದರ್ಶನವಾಗುವ ಶಿಷ್ಯನೊಬ್ಬ ಇದ್ದಾನಂತೆ ಎಂದು ಜನ ಮಾತಾಡಿಕೊಂಡರು. ಒಬ್ಬಿಬ್ಬರು ಕಾಯಿ, ಕರ್ಪೂರ ಹಿಡಿದು ಬಂದರು. ಅವರಿಗಾಗಿ ಓಬಳೇಶ ಕೂತಲ್ಲಿಂದ ಎದ್ದು ತೋರಿಸಿದ. ತೂರಾಡಿದ. ಜನ ಕೈಮುಗಿದರು.

ಇದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು ಗಾದ್ರಪ್ಪ.

ಗಾದ್ರಪ್ಪ ಹಳೆಯ ಶಿಷ್ಯ. ಅಡಿಗೆಯೂ ಅವನದೇ, ಊಟದಲ್ಲಿ ದೊಡ್ಡ ಪಾಲೂ ಅವನದೇ. ಎಷ್ಟು ವರ್ಷ ಧ್ಯಾನ ಮಾಡಿದರೂ ಅವನಿಗೆ ಒಂದು ಚುಕ್ಕಿಯೂ ಕಂಡಿರಲಿಲ್ಲ.

"ಗುಟ್ಟೇನು, ಹೇಳೋ," ಎಂದು ಓಬಳೇಶನನ್ನು ಕಾಡಿದ.

"ಅನ್ನ, ಸಾರು. ಅದೂ ಅರ್ಧ ಹೊಟ್ಟೆ."

ಗಾದ್ರಪ್ಪ ಮುದ್ದೆ ಬಿಟ್ಟ. ಅರ್ಧ ಹೊಟ್ಟೆಯೇಕೆ, ಪೂರ್ತಿಯೇ ಬಿಟ್ಟರೆ ಬೇಗ ಬರಬಹುದೆಂದು ಸಾರನ್ನೂ ಬಿಟ್ಟ.

ಬೆಳಕು ಬಾವಿಕಟ್ಟೆಯ ಮೇಲೆ ಬಂತು. ನೀರು ಸೇದುತ್ತಿದ್ದವನು "ಕಂಡಿತು! ಕಂಡಿತು!" ಎಂದು ಕೂಗಿದ. ಹಗ್ಗ ಕೈಜಾರಿತು. ಅಷ್ಟು ದೊಡ್ಡ ದೇಹ ಬಾವಿಯ ಕಡೆಗೆ ವಾಲಿತು.

ಓಬಳೇಶ ಪಾತಿಯಿಂದ ದಡಬಡಿಸಿ ಎದ್ದು ಓಡಿದ. ಎದ್ದ ಕೂಡಲೇ ಅವನಿಗೂ ಚುಕ್ಕಿಗಳು ಕುಣಿದವು. ಕಣ್ಣು ಕಾಣದೆ ಕೈಚಾಚಿದ. ಕೈಗೆ ಗಾದ್ರಪ್ಪನ ಪಂಚೆ ಸಿಕ್ಕಿತು. ಎಳೆದ. ಇಬ್ಬರೂ ಈಚೆ ಕೆಸರಿಗೆ ಬಿದ್ದರು. ಕೊಡ ಬಾವಿಗೆ ಬಿತ್ತು.

ಅಜ್ಜಯ್ಯ ಬಂದು ನೋಡಿದರು.

"ಇಬ್ಬರಿಗೂ ಒಟ್ಟಿಗೇ ಸಮಾಧಿಯೋ?"

ಗಾದ್ರಪ್ಪ ಕೆಸರಿನಲ್ಲೇ ಅಳಲು ಶುರುಮಾಡಿದ. "ಅಜ್ಜಯ್ಯ, ಮುದ್ದೆ ಕೊಡಿ."

ಬಾವಿಯೊಳಗೆ ಕೊಡ ಗುಳುಗುಳು ಎನ್ನುತ್ತ ಮುಳುಗುವುದು ಓಬಳೇಶನಿಗೆ ಕೇಳಿಸಿತು.

ಅವತ್ತು ಅಜ್ಜಯ್ಯ ತಾವೇ ಅಡಿಗೆಮನೆಗೆ ಹೋದರು. ಓಬಳೇಶ ಕಿತ್ತು ಗುಡ್ಡೆ ಹಾಕಿದ್ದ ಕಳೆಯನ್ನು ಬುಟ್ಟಿಗೆ ತುಂಬಿಕೊಂಡರು. ತೊಳೆದರು, ಸೋಸಿದರು. ಹೆಸರುಕಾಳಿನ ಜೊತೆ ಬೇಯಿಸಿ ಕಡಗೋಲಿನಿಂದ ಮಸೆದರು. ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಗಾದ್ರಪ್ಪ ಅಳು ನಿಲ್ಲಿಸಿದ.

ಎಲೆಗೆ ಬಡಿಸಿದ್ದನ್ನು ಓಬಳೇಶ ನೋಡಿದ. ನವಣೆ ಅನ್ನ. ಹುರುಳಿಕಾಳಿನ ಪಲ್ಯ. ನಡುವೆ ಹಚ್ಚಹಸಿರು ಮಸ್ಸೊಪ್ಪು.

"ಅಜ್ಜಯ್ಯ, ಹುರುಳಿ ಎತ್ತಿನ ತಿನಿಸು."

"ಹೂಂ."

"ನವಣೆ ಹಕ್ಕಿಗೆ ಹಾಕುವ ಕಾಳು."

"ಹೂಂ."

"ಈ ಸೊಪ್ಪಂತೂ ರಂಗಜ್ಜಿಯ ಆಡಿನದು."

"ಎತ್ತು ಏನು ಮಾಡುತ್ತದೆ?"

"ನೇಗಿಲು ಎಳೆಯುತ್ತದೆ."

"ಹಕ್ಕಿ?"

"ಹಾರುತ್ತದೆ."

"ಆಡು?"

ಓಬಳೇಶ ತಲೆ ಎತ್ತಿದ. ರಂಗಜ್ಜಿಯ ಆಡು ಆಶ್ರಮದ ಮಾಡಿನ ಮೇಲೆ ನಿಂತು ಹೆಂಚಿನ ಸಂದಿಯಲ್ಲಿ ಹುಟ್ಟಿದ ಹುಲ್ಲು ಮೇಯುತ್ತಿತ್ತು. ಅದು ಅಲ್ಲಿಗೆ ಹೇಗೆ ಹತ್ತಿತೆಂಬುದು ಯಾರಿಗೂ ಗೊತ್ತಿರಲಿಲ್ಲ.

"ನಿನ್ನ ಊಟ ಉಂಡವನು ಏನು ಮಾಡುತ್ತಾನೆ?"

"ಬೀಳುತ್ತಾನೆ, ಅಜ್ಜಯ್ಯ," ಎಂದ ಓಬಳೇಶ. ಆದರೂ ಎಲೆಯ ಮೇಲಿನ ಕೈ ತೆಗೆಯಲಿಲ್ಲ. "ವ್ರತವಿದೆ."

"ಕಳೆ ಕೀಳುವುದು ನಿನ್ನ ಸೇವೆ. ಕಿತ್ತದ್ದನ್ನು ಎಲ್ಲಿ ಹಾಕಬೇಕೆಂದು ನಾನು ಇದುವರೆಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ."

ಅಜ್ಜಯ್ಯ ಅವನ ಬಾಯಿಯ ಕಡೆ ಬೆರಳು ತೋರಿಸಿದರು.

ಗುರುವಿನ ಅಪ್ಪಣೆ. ಓಬಳೇಶ ಕಣ್ಣು ಮುಚ್ಚಿ ಒಂದು ತುತ್ತು ಇಟ್ಟ. ನಾಲಿಗೆಯನ್ನು ಗೆಲ್ಲಲು ಬಂದವನಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ರುಚಿಯಾಗಿತ್ತು.

ಮಾರನೆಯ ದಿನದಿಂದ ಕಳೆ ಅಡಿಗೆಮನೆಗೆ ಹೋಯಿತು. ಒಂದು ದಿನ ನುಗ್ಗೆಸೊಪ್ಪು, ಒಂದು ದಿನ ಹೊನಗೊನೆ, ಇನ್ನೊಂದು ದಿನ ಎಲ್ಲ ಬೆರಕೆ. ಅನ್ನ ಇದ್ದೇ ಇತ್ತು. ಅದರ ಪಕ್ಕದ ಜಾಗ ಖಾಲಿ ಉಳಿಯಲಿಲ್ಲ, ಅಷ್ಟೇ.

ರಂಗಜ್ಜಿ ಬೇಲಿಯ ಬಳಿ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ರಪ್ಪಾ ಸಾಧುಗಳೇ, ಸಂಸಾರ ಬಿಟ್ಟೋರು ನೀವು, ನನ್ನ ಆಡಿನ ಬಾಯಿಗೆ ಕೈ ಹಾಕ್ತೀರಲ್ಲ! ಪಾಪ ಬರಲ್ವೇ?"

ಗಾದ್ರಪ್ಪ ಅವಳಿಗೊಂದು ಬಟ್ಟಲು ಮಸ್ಸೊಪ್ಪು ಕೊಟ್ಟು ಬಾಯಿ ಮುಚ್ಚಿಸಿದ.

ಮಘೆ ಮಳೆ ಕಳೆದು ಉತ್ತರೆ ಹಿಡಿಯುವ ಹೊತ್ತಿಗೆ ಓಬಳೇಶ ಕೊಡ ಹೊತ್ತು ದಂಡೆ ಹತ್ತುತ್ತಿದ್ದ. ಧ್ಯಾನಕ್ಕೆ ಕೂತರೆ ತೂಕಡಿಸುತ್ತಿರಲಿಲ್ಲ. ಕೆನ್ನೆಗೆ ಬಣ್ಣ ಬಂದಿತ್ತು.

ಒಂದು ದಿನ ಅವನು ಗಾಬರಿಯಿಂದ ಗುರುಗಳ ಬಳಿ ಓಡಿಬಂದ. ಈ ಸಲ ಗೋಡೆ ಹಿಡಿದಿರಲಿಲ್ಲ.

"ಅಜ್ಜಯ್ಯ, ಬೆಳಕು ಹೋಯಿತು!"

"ಹೋಯಿತೇ?"

"ಎದ್ದರೂ ಇಲ್ಲ, ಬಗ್ಗಿದರೂ ಇಲ್ಲ. ಹುಣ್ಣಿಮೆಗೆ ಜನ ಬರುತ್ತಾರೆ. ನಾನು ಏನು ತೋರಿಸಲಿ?"

"ಸೊಪ್ಪು ತೋರಿಸು. ಚೆನ್ನಾಗಿ ಬಂದಿದೆ," ಎಂದು ಅಜ್ಜಯ್ಯ ಸ್ನಾನಕ್ಕೆ ಹೊರಟರು.

ಆ ರಾತ್ರಿ ಓಬಳೇಶನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆಯ ಹಿಂದೆ ಹೋದ. ಕೂತ, ಎದ್ದ. ಕೂತ, ಎದ್ದ. ಬೆವರು ಬಂತು, ಏದುಸಿರು ಬಂತು, ಬೆಳಕು ಬರಲಿಲ್ಲ. ಕೊನೆಗೆ ಬಂದದ್ದು ಭರ್ಜರಿ ಹಸಿವು.

"ಬಸ್ಕಿ ಹೊಡೀತಿದ್ದೀಯಲ್ಲೋ, ಯಾವ ತಪ್ಪಿಗೆ?" ಎಂದು ಗಾದ್ರಪ್ಪ ಗೋಡೆಯಾಚೆಯಿಂದ ಇಣುಕಿ ಕೇಳಿದ.

ಓಬಳೇಶ ಬೆವರು ಒರೆಸಿಕೊಂಡು ಅಡಿಗೆಮನೆಯ ಕಡೆ ನಡೆದ.

ಹುಣ್ಣಿಮೆಯ ದಿನ ಜನ ಸೇರಿದರು. ಅಜ್ಜಯ್ಯ ಒಂದು ಮೂಲೆಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಬಂದವರು ಓಬಳೇಶನನ್ನು ಜಗಲಿಯ ಮೇಲೆ ಕೂರಿಸಿದರು. ತಟ್ಟೆಯಲ್ಲಿ ಕಾಯಿಗಳನ್ನು ಪೇರಿಸಿದ್ದರು.

ಒಮ್ಮೆ ತೂರಾಡಿಬಿಟ್ಟರೆ ಆಯಿತು, ಎಂದುಕೊಂಡ ಅವನು. ಒಂದೇ ಒಂದು ಸಲ. ಯಾರಿಗೆ ತಿಳಿಯುತ್ತದೆ? ಏಳಲು ಮಂಡಿಯ ಮೇಲೆ ಕೈಯೂರಿದ.

ಅಷ್ಟರಲ್ಲಿ ಆಚೆ ಊರಿನ ತಿಮ್ಮಕ್ಕ ಎಂಬ ಹೆಂಗಸು ಮುಂದೆ ಬಂದು ಕೈಮುಗಿದಳು. ಜೊತೆಯಲ್ಲಿ ಅವಳ ಸೊಸೆ. ತುಂಬು ಬಸುರಿ. ಮುಖ ಸುಣ್ಣದ ಹಾಗಿತ್ತು.

"ಬುದ್ಧೀ, ನಮ್ಮ ಸೊಸೆಗೂ ನಿಮ್ಮ ಹಂಗೇ ಬೆಳಕು ಕಾಣ್ತದೆ. ಎದ್ದು ನಿಂತ್ರೆ ಸಾಕು, ಚುಕ್ಕಿ ಚುಕ್ಕಿ. ಮೊನ್ನೆ ಮೆಟ್ಟಿಲ ಮೇಲೇ ಕಂಡು ಕುಸಿದು ಕೂತ್ಲು. ಹೊಟ್ಟೆಯಾಗಿರೋ ಕೂಸು ಮಹಾತ್ಮನೇ ಇರಬೇಕು ಅಂತಾರೆ ಎಲ್ರೂ. ಅದಕ್ಕೇ ನಿಮ್ಮ ವ್ರತವನ್ನೇ ಹಿಡಿಸಿದ್ದೀನಿ. ಅನ್ನ, ಸಾರು. ಬೇರೆ ಏನೂ ಮುಟ್ಟಿಸಿಲ್ಲ."

ಹುಡುಗಿ ಕಂಬಕ್ಕೆ ಒರಗಿ, ಬಾಗಿಲೊಳಗಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಯ ಕಡೆಗೆ ಮುಖ ತಿರುಗಿಸಿದ್ದಳು.

ಓಬಳೇಶ ಗುರುಗಳ ಕಡೆ ನೋಡಿದ. ಅವರು ತಲೆ ಎತ್ತಲಿಲ್ಲ. ಕಡ್ಡಿಯಿಂದ ಎಲೆ ಬಿಡಿಸುತ್ತಲೇ ಇದ್ದರು.

ಅವನು ಎದ್ದ. ತೂರಾಡಲಿಲ್ಲ. ನೆಟ್ಟಗೆ ನಿಂತ.

"ತಾಯೀ, ಅದು ಬೆಳಕಲ್ಲ," ಎಂದ. "ಅದು ಹಸಿವು. ನನಗೆ ಕಂಡದ್ದೂ ಅದೇ. ಮೈಯಲ್ಲಿ ರಕ್ತ ಕಡಿಮೆಯಾದರೆ ಹಾಗೆ ಕಾಣುತ್ತದೆ. ಅದನ್ನೇ ದೇವರೆಂದು ನಾನು ನಂಬಿದೆ, ನಿಮ್ಮನ್ನೂ ನಂಬಿಸಿದೆ. ಈ ಮಗಳನ್ನು ಇವತ್ತೇ ಮದ್ದು ಕೊಡುವ ಪಂಡಿತರಿಗೆ ತೋರಿಸಿ. ಅದಕ್ಕೆ ಮೊದಲು ಒಳಗೆ ಬಂದು ಊಟ ಮಾಡಿಸಿ."

ಜನರ ನಡುವೆ ಗುಜುಗುಜು ಎದ್ದಿತು.

"ಹಂಗಾದ್ರೆ ಇವ್ನು ಇಷ್ಟು ದಿನ ತೋರಿಸಿದ್ದು ತಲೆಸುತ್ತೇ?" ಎಂದ ಒಬ್ಬ. ಇನ್ನೊಬ್ಬ ಮುಂದೆ ಬಂದು ತಟ್ಟೆಯಲ್ಲಿ ತನ್ನ ಕಾಯಿಯನ್ನು ಹುಡುಕಿ ವಾಪಸು ತೆಗೆದುಕೊಂಡ. ಅವನನ್ನು ನೋಡಿ ಉಳಿದವರೂ ತೆಗೆದುಕೊಂಡರು. ಯಾರದು ಯಾವುದೆಂದು ಸ್ವಲ್ಪ ಜಗಳವೂ ಆಯಿತು.

ಓಬಳೇಶ ಅದನ್ನು ನೋಡುತ್ತ ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ ಕೈತುಂಬ ಸೊಪ್ಪು ಕೊಯ್ದು ತಂದ. ತಿಮ್ಮಕ್ಕನ ಮಡಿಲಿಗೆ ಸುರಿದ.

"ಇದು ಆಡಿನ ಸೊಪ್ಪಲ್ವೇ ಬುದ್ಧೀ?" ಎಂದಳು ಅವಳು.

"ನಾನೂ ಹಾಗೇ ಅಂದಿದ್ದೆ, ತಾಯೀ."

ಒಳಗೆ ಸೊಸೆ ಆಗಲೇ ಎಲೆಯ ಮುಂದೆ ಕೂತಿದ್ದಳು. ಗಾದ್ರಪ್ಪ ಬಡಿಸುತ್ತಿದ್ದ. ಅವಳು ಸಾಕು ಎನ್ನಲಿಲ್ಲ. ಅವನೂ ನಿಲ್ಲಿಸಲಿಲ್ಲ.

ಎಲ್ಲರೂ ಹೋದ ಮೇಲೆ ಓಬಳೇಶ ಗುರುಗಳ ಎದುರಿಗೆ ಬಂದು ಕೂತ.

"ಅಜ್ಜಯ್ಯ, ಅದು ಹಸಿವೆಂದು ನಿಮಗೆ ಮೊದಲ ದಿನವೇ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲಯ್ಯ, ಏಳುವಾಗ ಎಚ್ಚರವಾಗಿರು ಅಂತ. ನೀನು ಅದನ್ನೂ ಉಪದೇಶ ಮಾಡಿಕೊಂಡೆ."

ಓಬಳೇಶನಿಗೆ ನಗು ಬಂತು. ನಗುವಿನ ಹಿಂದೆಯೇ ಅಳುಕೂ ಬಂತು. ತಾನು ಮನೆ ಬಿಟ್ಟು ಬಂದದ್ದು ಬೆಳಕನ್ನು ಹುಡುಕಿಕೊಂಡೇ ಅಲ್ಲವೇ?

"ಮುಂದೆ ನಿಜವಾದ ಬೆಳಕೇ ಕಂಡರೆ, ಅದು ನಿಜದ್ದೆಂದು ನನಗೆ ಗೊತ್ತಾಗುವುದು ಹೇಗೆ?"

ಅಜ್ಜಯ್ಯ ಮಡಿಲಿನ ಸೊಪ್ಪಿನ ಕಡ್ಡಿಗಳನ್ನು ಕೊಡವಿಕೊಂಡು ಎದ್ದರು.

"ಊಟವಾದ ಮೇಲೂ ಇದ್ದರೆ ಬಂದು ಹೇಳು."