ಮಂತ್ರಿಯನ್ನು ಕೊಂದವರು ಯಾರು?

ಅಂತರರಾಷ್ಟ್ರೀಯ ಪುಸ್ತಕ ಮೇಳದಲ್ಲಿ ಕನ್ನಡದ ಮಳಿಗೆ ನೋಡಿಕೊಳ್ಳುತ್ತಿದ್ದವಳು ಪುಟ್ಟಗೌರಮ್ಮ. ಅಂದು ಅಲ್ಲಿ ಪಾಳೆಯಗಾರರ ಕಾಲದ ಕೊಲೆಯೊಂದರ ಕಾದಂಬರಿ ಬಿಡುಗಡೆ. ಮುಖ್ಯ ಅತಿಥಿ ಒಬ್ಬರು ಮಾಜಿ ಕುಲಪತಿಗಳು. ಹೋದ ವರ್ಷ ಅವರು ಇಂಥದ್ದೇ ಪುಸ್ತಕದ ಗುಟ್ಟನ್ನು ವೇದಿಕೆಯಲ್ಲೇ ಒದರಿಬಿಟ್ಟಿದ್ದರು. ಕೊಳ್ಳುವವರಿಲ್ಲದೆ ಪುಸ್ತಕದ ಪೆಟ್ಟಿಗೆಗಳು ಬಿಚ್ಚದೆಯೇ ವಾಪಸ್ಸಾಗಿದ್ದವು.

ಈ ಸಲ ಸೀದಾ ಮಳಿಗೆಗೇ ಬಂದರು. “ನೀವು ಕಳಿಸಿದ ಪುಸ್ತಕದ ಕಟ್ಟು ಬಿಚ್ಚೋಕೂ ಪುರಸೊತ್ತಾಗಲಿಲ್ಲ. ಕೊಂದವನು ಯಾರು, ಬೇಗ ಹೇಳು. ಇಲ್ಲದಿದ್ದರೆ ಮಳಿಗೆಯ ಯಜಮಾನರಿಗೆ ದೂರು ಹೇಳ್ತೀನಿ.”

ಹೇಳಿದರೆ ಪುಸ್ತಕ ಮಾರದೆ ಉಳಿಯುತ್ತದೆ; ಹೇಳದಿದ್ದರೆ ಕೆಲಸ ಉಳಿಯುವುದಿಲ್ಲ. ಪುಟ್ಟಗೌರಮ್ಮ ತಣ್ಣಗೆ, “ಮಂತ್ರಿ ವೀರರಾಜಯ್ಯ, ಸಾರ್” ಅಂದಳು.

ವೇದಿಕೆಯಲ್ಲಿ ಕುಲಪತಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಜನರತ್ತ ಎತ್ತಿ ಹಿಡಿದರು. “ಎರಡು ಸಲ ಓದಿದ್ದೇನೆ. ಕೊಲೆಗಾರ ಮಂತ್ರಿ ವೀರರಾಜಯ್ಯ!”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಜನರಿಗೆ ಕಾಣುತ್ತಿದ್ದ ಮುಖಪುಟದಲ್ಲಿ ದಪ್ಪಕ್ಷರದ ಸಾಲೊಂದು ಅಚ್ಚಾಗಿತ್ತು: ‘ಮಂತ್ರಿ ವೀರರಾಜಯ್ಯನನ್ನು ಕೊಂದವರು ಯಾರು?’

ಗುಟ್ಟು ಗುಟ್ಟಾಗಿಯೇ ಉಳಿಯಿತು. ಮಳಿಗೆಯ ಮುಂದೆ ಉದ್ದದ ಸಾಲು ನಿಂತಿತು. ಕುಲಪತಿಗಳು ಬೆವರು ಒರೆಸಿಕೊಳ್ಳುತ್ತ ಬಂದು ಪಿಸುಗುಟ್ಟಿದರು, “ನಿಜವಾಗಿ ಕೊಂದದ್ದು ಯಾರಮ್ಮ?”

“ಎರಡು ಸಲ ಓದಿದ ತಮಗೆ ನಾನು ಹೇಳೋದೇ ಸಾರ್?” ಅಂದಳು ಪುಟ್ಟಗೌರಮ್ಮ.

ಕುಲಪತಿಗಳು ಹೋಗಿ ಸಾಲಿನ ಕೊನೆಯಲ್ಲಿ ನಿಂತರು.