ಮೊದಲ ಕರೆಗೇ ಓಗೊಟ್ಟ ಮರಿಮೊಲ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗೆ ತಾನು ಎತ್ತ ಹರಿಯಬೇಕೆಂದು ಗೊತ್ತಿರಲಿಲ್ಲ. ಗಾಳಿ ಆಗತಾನೆ ನಡೆಯಲು ಕಲಿತಿತ್ತು. ಸ್ವಾಮಿ ಹೊಳೆಯ ದಂಡೆಯಲ್ಲಿ ಕುಳಿತು, ಕೆಸರು ಮಿದ್ದು, ಒಂದೊಂದಾಗಿ ಪ್ರಾಣಿಗಳನ್ನು ಮಾಡುತ್ತಿದ್ದನು.

ಕಣ್ಣು, ಕಿವಿ, ಕಾಲು ಇಟ್ಟರೆ ಪ್ರಾಣಿ ಆಗಿಬಿಡುವುದಿಲ್ಲ, ಮಗಾ. ಹೊರಗಿನ ಸುದ್ದಿ ಒಳಗೂ ತಲುಪಬೇಕಲ್ಲ. ಅದಕ್ಕೆ ಸ್ವಾಮಿ ಪ್ರತಿ ಜೀವದ ಮೈಯೊಳಗೆ ಓಡಾಡಲು ಇಬ್ಬರು ಕೂಗುವವರನ್ನು ಇಟ್ಟನು. ಒಬ್ಬ ದಿಗಿಲಣ್ಣ. ಅಪಾಯ ಬಂತೆಂದರೆ "ಏಳು, ಓಡು!" ಎಂದು ಕೂಗುತ್ತಾ ಓಡುವವನು. ಇನ್ನೊಬ್ಬಳು ಜೊಂಪಕ್ಕ. ಹೊತ್ತು ನೋಡಿಕೊಂಡು "ಮಲಗು, ಮಲಗು" ಎನ್ನುತ್ತಾ ಮೆಲ್ಲಗೆ ನಡೆಯುವವಳು.

ಕೂಗಿದರಷ್ಟೇ ಸಾಲದು, ಓಗೊಡುವವರೂ ಬೇಕು. ಸ್ವಾಮಿ ಸಾಸಿವೆಗಿಂತ ಸಣ್ಣ ಮಂದಿಯನ್ನು ಮಾಡಿ ಮೈಯೊಳಗಿನ ಬಾಗಿಲು ಬಾಗಿಲಿಗೂ ಕೂರಿಸಿದನು. ಕೆಲವರು ದಿಗಿಲಣ್ಣನಿಗೆ "ಓ" ಎನ್ನುವವರು. ಕೆಲವರು ಜೊಂಪಕ್ಕನಿಗೆ "ಓ" ಎನ್ನುವವರು. ಇನ್ನು ಕೆಲವರು ಬಲು ಶಾಂತರು. ಅಪಾಯ ಕಳೆದ ಮೇಲೆ ದಿಗಿಲಣ್ಣನ ತೋಳು ಹಿಡಿದು "ಸಾಕಪ್ಪಾ, ಕೇಳಿಸಿತು, ಇನ್ನು ಮನೆಗೆ ಹೋಗು" ಎನ್ನುವುದಷ್ಟೇ ಅವರ ಕೆಲಸ. ಅವರಿಗೆ ಸಾಕೆನ್ನುವವರು ಎಂದೇ ಹೆಸರಾಯಿತು.

ಎಲ್ಲರನ್ನೂ ಕೂರಿಸಿ ಸ್ವಾಮಿ ಒಂದು ಕಟ್ಟಳೆ ಮಾಡಿದನು. "ಜೊಂಪಕ್ಕ ಕರೆದರೆ ಒಂದೇ ಕರೆಗೆ ಓಗೊಡಿ. ದಿಗಿಲಣ್ಣ ಕರೆದರೆ ಮಾತ್ರ ಮೂರನೆಯ ಕರೆಗೆ. ಅವನು ಎಲೆ ಉದುರಿದರೂ ಕೂಗೋ ಆಸಾಮಿ." ಕತ್ತಲಾದ ಮೇಲೆ ಹೊರಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ, ಮೂರು ಸಲ ಕರೆಯುವ ತನಕ ಓಗೊಡಬೇಡ ಎಂದು ನಿನ್ನ ಅಜ್ಜಿ ಹೇಳುತ್ತಾಳಲ್ಲ, ಹಾಗೆ.

ಆನೆಗೆ ಈ ಕಟ್ಟಳೆ ಒಗ್ಗಿತು. ಎಮ್ಮೆಗೂ ಒಗ್ಗಿತು. ಮೊಲಕ್ಕೆ ಒಗ್ಗಲಿಲ್ಲ.

ಮುಳ್ಳಿನ ಬಾರೆಗಿಡಗಳ ಬಯಲಿನಲ್ಲಿ ಬೂದವ್ವ ಎಂಬ ಮೊಲವಿತ್ತು. ಅವಳಿಗೆ ಮೂರು ಮರಿಗಳು. ಒಂದು ಬೆಳಗ್ಗೆ ಎರಡು ಮರಿಗಳು ಹುಲ್ಲಿನಲ್ಲಿ ಆಡುತ್ತಿದ್ದವು. ಮೂರನೆಯದು, ಹುರುಳಿಕಾಳಿನ ಬಣ್ಣದ್ದು, ತಾಯಿಯ ಹೊಟ್ಟೆಯ ಕೆಳಗೆ ಮಲಗಿತ್ತು. ಅದನ್ನು ಹುರುಳಿ ಎಂದೇ ಕರೆಯುತ್ತಿದ್ದರು.

ನರಿ ಬಂತು. ದಿಗಿಲಣ್ಣ ಒಂದು ಸಲ ಕೂಗಿದ. ಒಳಗಿನ ಮಂದಿ ಕಟ್ಟಳೆಯಂತೆ ಕಾದರು. ಎರಡು ಸಲ ಕೂಗಿದ. ಕಾದರು. ಮೂರನೆಯ ಕರೆಗೆ "ಓ" ಎನ್ನುವ ಹೊತ್ತಿಗೆ ಆಡುತ್ತಿದ್ದ ಎರಡೂ ಮರಿಗಳು ನರಿಯ ಬಾಯಲ್ಲಿದ್ದವು.

ತಿಂದು ಮುಗಿಸಿ ನರಿ ಮೂತಿ ಒರೆಸಿಕೊಂಡಿತು. "ಮೂರರ ತನಕ ಚೆನ್ನಾಗಿ ಎಣಿಸೋಕೆ ಕಲ್ತಿದ್ದೀಯ ಬೂದವ್ವ. ಎಣಿಸ್ತಾ ಇರು, ನಾಳೆ ಬರ್ತೀನಿ."

ಬೂದವ್ವ ಅಳಲಿಲ್ಲ. ಉಳಿದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಳೆಯ ದಂಡೆಗೆ ಓಡಿದಳು.

"ಸ್ವಾಮೀ, ನನ್ನ ಮಗಳು ಮೊದಲನೇ ಕರೆಗೇ ಓಗೊಡೋ ಹಾಗೆ ಮಾಡು."

ಸ್ವಾಮಿ ಕೈಯ ಕೆಸರು ತೊಳೆದುಕೊಂಡನು. "ಆಗೋದಿಲ್ಲ ಅಂತಲ್ಲ ತಾಯಿ. ಅಷ್ಟು ಚುರುಕಾಗಬೇಕು ಅಂದ್ರೆ ದಿಗಿಲಣ್ಣನಿಗೆ ಓ ಅನ್ನೋರು ಇನ್ನೂ ಬಹಳ ಮಂದಿ ಬೇಕು. ಕೂರಿಸೋಕೆ ಜಾಗ ಇಲ್ಲ. ಸಾಕೆನ್ನುವವರನ್ನ ಎಬ್ಬಿಸಿ ಕಳಿಸಬೇಕಾಗುತ್ತೆ."

"ಕಳಿಸು."

"ಇವಳ ಮಣ್ಣು ಇನ್ನೂ ಹಸಿ. ಈಗ ತಿದ್ದಿದರೆ ತಿದ್ದಿದ್ದೇ. ಒಣಗಿದ ಮೇಲೆ ನನ್ನ ಕೈಯಲ್ಲೂ ಆಗೋದಿಲ್ಲ. ಯೋಚನೆ ಮಾಡು."

ಗಾಳಿಯೂ ಅವಳ ಕಿವಿಯ ಹತ್ತಿರ ಬಂದು, "ದುಡುಕಬೇಡ ಕಣವ್ವ, ಒಂದಿನ ತಡಿ" ಎಂದಿತು.

"ನಾಳೆ ನರಿ ಬರ್ತದೆ" ಎಂದಳು ಬೂದವ್ವ. "ನನ್ನ ಮಗಳು ಬದುಕಿದರೆ ನಂಗೆ ಅಷ್ಟೇ ಸಾಕು."

ಸ್ವಾಮಿ ಮರಿಯ ನೆತ್ತಿಯ ಮೇಲೆ ಬೆರಳಿಟ್ಟನು. ಸಾಕೆನ್ನುವವರು ಒಬ್ಬೊಬ್ಬರಾಗಿ ಎದ್ದು, ತಲೆ ತಗ್ಗಿಸಿಕೊಂಡು ಹೊರಟುಹೋದರು.

ಮರುದಿನ ನರಿ ಬಂತು. ಅದರ ಕಾಲು ನೆಲಕ್ಕೆ ತಾಕುವ ಮೊದಲೇ ಹುರುಳಿ ಆಚೆಯ ಬದುವಿನಲ್ಲಿದ್ದಳು. ಅದರ ಮಾರನೆಯ ದಿನವೂ ಹಾಗೇ ಆಯಿತು. ನರಿ ಬಯ್ದುಕೊಂಡು ಬೇರೆ ಮೊಲಗಳ ಕಡೆ ಹೋಯಿತು. ಬೂದವ್ವ ಸ್ವಾಮಿ ಇದ್ದ ದಿಕ್ಕಿಗೆ ತಿರುಗಿ ಕೈಮುಗಿದಳು.

ಆದರೆ ನರಿ ಹೋದರೂ ದಿಗಿಲಣ್ಣ ಹೋಗಲಿಲ್ಲ. ಹೋಗು ಎನ್ನುವವರು ಯಾರೂ ಇರಲಿಲ್ಲವಲ್ಲ. ಮಿಡತೆ ಹಾರಿದರೆ ಕೂಗಿದ, ಹುರುಳಿ ನೆಗೆದಳು. ಒಣಗಿದ ಎಲೆ ಉರುಳಿದರೆ ಕೂಗಿದ, ನೆಗೆದಳು. ಮೋಡದ ನೆರಳು ಹಾದರೂ ನೆಗೆದಳು.

ಮೊಲಗಳ ಪಾಲಿಗೆ ಜೊಂಪಕ್ಕ ಬರುವುದು ಬಿಸಿಲೇರಿದ ಮೇಲೆ. ಅವಳೂ ದಿನಾ ತಪ್ಪದೆ ಬಂದಳು. "ಮಲಗು ಮಗಳೇ, ಮಲಗು" ಎಂದಳು. ದಿಗಿಲಣ್ಣನ ಗಲಾಟೆಯಲ್ಲಿ ಅವಳ ದನಿ ಯಾರಿಗೂ ಕೇಳಿಸಲಿಲ್ಲ. ಹುರುಳಿಗೆ ಹಗಲು ಯಾವುದು, ಇರುಳು ಯಾವುದು ಎಂಬುದೇ ಮರೆತುಹೋಯಿತು. ಹಾಲು ಕುಡಿಯುತ್ತಾ ನಡುವೆಯೇ ಬಾಯಿ ಬಿಟ್ಟು ಓಡುತ್ತಿದ್ದಳು. ಪಕ್ಕೆಯ ಎಲುಬು ಕಾಣತೊಡಗಿತು.

ಬೂದವ್ವ ಮಗಳನ್ನು ನೆಕ್ಕಿ ಮಲಗಿಸೋಣವೆಂದು ಮೆಲ್ಲಗೆ ಹತ್ತಿರ ಹೋದಳು. ಹುಲ್ಲು ಸರಿದ ಸದ್ದಾಯಿತು. ಹುರುಳಿ ಚಂಗನೆ ನೆಗೆದು ಬಾರೆಮುಳ್ಳಿನೊಳಗೆ ಬಿದ್ದಳು.

"ನಾನು ಕಣೇ, ನಿನ್ನವ್ವ!"

"ಗೊತ್ತು ಅವ್ವಾ" ಎಂದಳು ಹುರುಳಿ ನಡುಗುತ್ತಾ. "ನಂಗೆ ಗೊತ್ತು. ಒಳಗಿನವರಿಗೆ ಗೊತ್ತಾಗ್ತಿಲ್ಲ."

ಬೂದವ್ವ ಮತ್ತೆ ಹೊಳೆಯ ದಂಡೆಗೆ ಓಡಿದಳು. "ತಪ್ಪಾಯ್ತು ಸ್ವಾಮೀ. ಹಸಿವು ನಿದ್ದೆ ಇಲ್ಲದೆ ಸಾಯ್ತಾಳೆ. ಅವರನ್ನ ವಾಪಸು ಕರೆಸು."

"ಮಣ್ಣು ಒಣಗಿಹೋಯ್ತಲ್ಲ ತಾಯಿ" ಎಂದನು ಸ್ವಾಮಿ. ಅವನ ಕಣ್ಣೂ ತುಂಬಿತ್ತು. "ಈಗ ಒಂದೇ ದಾರಿ ಉಳಿದಿದೆ. ಹೊತ್ತು ಮುಳುಗಿ ಕತ್ತಲು ಕೂಡೋ ಸಂದಿನಲ್ಲಿ ದಿಗಿಲಣ್ಣ ಒಂದು ಗಳಿಗೆ ಉಸಿರಿಗೆ ನಿಲ್ತಾನೆ. ಆಗ ಹೋಗಿ ಹಾಲು ಕುಡಿಸು. ಕುಡಿಸಿ ಹೊರಟುಬಿಡು. ಮಿಕ್ಕ ಹೊತ್ತು ಹತ್ತಿರ ಸುಳಿಯಬೇಡ. ನಿನ್ನ ಹೆಜ್ಜೆಯ ಸದ್ದೂ ಇಲ್ಲದಿದ್ದರೆ ಜೊಂಪಕ್ಕನ ದನಿ ಒಂದಿಷ್ಟಾದರೂ ಕೇಳಿಸೀತು."

"ಮಗಳ ಪಕ್ಕದಲ್ಲಿ ಮಲಗಬಾರದೇ?"

"ಬಾರದು."

ಬೂದವ್ವ ಆ ದಿನ ಬೈಗಿನಲ್ಲಿ ಹೋದಳು. ಹುರುಳಿ ಹೊಟ್ಟೆ ತುಂಬ ಹಾಲು ಕುಡಿದಳು. ತಾಯಿ ಮೇಲೆದ್ದಾಗ, "ಅವ್ವಾ, ಇನ್ನೊಂಚೂರು ಇರು" ಎಂದಳು. ಬಾಯಿ ಹಾಗೆನ್ನುತ್ತಿರುವಾಗಲೇ ಅವಳ ಹಿಂಗಾಲು ಓಡಲು ಮಡಿಸಿಕೊಂಡಿತ್ತು. ಬೂದವ್ವ ಅದನ್ನು ನೋಡಿದಳು. ಹೊರಟುಹೋದಳು.

ಹುರುಳಿ ಹುಲ್ಲಿನ ಗುಳಿಯೊಂದರಲ್ಲಿ ಒಬ್ಬಳೇ ಮುದುಡಿಕೊಂಡಳು. ಬಿಸಿಲೇರಿದಾಗ ಜೊಂಪಕ್ಕ ಬಂದಳು. ಓಗೊಟ್ಟವರು ಅರ್ಧ ಮಂದಿ ಮಾತ್ರ. ಹಾಗಾಗಿ ನಿದ್ದೆಯೇನೋ ಬಂತು, ರೆಪ್ಪೆ ಮುಚ್ಚಲಿಲ್ಲ.

ಅವಳು ಬದುಕಿದಳು. ಮೂರು ಎಣಿಸಿದ ಮೊಲಗಳೆಲ್ಲ ಒಂದೊಂದಾಗಿ ನರಿಯ ಪಾಲಾದವು. ಈಗ ಬಯಲಿನಲ್ಲಿರುವ ಮೊಲಗಳೆಲ್ಲ ಹುರುಳಿಯ ಸಂತತಿಯೇ. ತನಗೆ ಮರಿಗಳಾದಾಗ ಅವಳೂ ಅವುಗಳಿಂದ ದೂರವೇ ಮಲಗಿದಳು.

ಅದಕ್ಕೇ ಮಗಾ, ಎಳ್ಳಿನ ಹೊಲದ ಬದುವಿನಲ್ಲಿ ಒಂಟಿ ಮರಿಮೊಲವೊಂದು ಕಣ್ಣು ತೆರೆದೇ ಮಲಗಿ, ಅದರ ಪಕ್ಕೆ ಡವಡವ ಬಡಿದುಕೊಳ್ಳುತ್ತಿರುವುದನ್ನು ಕಂಡರೆ, ತಾಯಿ ಬಿಟ್ಟುಹೋದಳೆಂದು ಎತ್ತಿಕೊಳ್ಳಬೇಡ. ಅವಳು ದೂರದ ಪೊದೆಯಲ್ಲಿ ಮುಖ ಆಚೆ ತಿರುಗಿಸಿಕೊಂಡು, ಹೊತ್ತು ಮುಳುಗುವುದನ್ನೇ ಕಾಯುತ್ತಿರುತ್ತಾಳೆ.