ಬೀಳಿನೊಳಗಿನ ಬೆಚ್ಚನೆ ಒಲೆ

ಹತ್ರ ಬಾ ಪುಟ್ಟಿ, ಕಂಬಳಿ ಹೊದ್ಕೋ. ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲು ಕಾಣದಿದ್ದ ಕಾಲದಲ್ಲಿ, ಕರಿಕಲ್ಲು ಗುಡ್ಡದ ಆಚೆ ಒಂದು ಬೀಳು ಇತ್ತಂತೆ. ಉತ್ತೋರಿಲ್ಲ, ಬಿತ್ತೋರಿಲ್ಲ, ಬರೀ ಜಾಲಿ, ಕಳ್ಳಿ, ಹುತ್ತ. ಕುರಿಗಳೂ ಅದರ ಅಂಚಿಗೆ ಬಂದು ನಿಂತು ವಾಪಸ್ ತಿರುಗ್ತಿದ್ವಂತೆ. ಅಲ್ಲಿಗೆ ಓಬಕ್ಕ ಅನ್ನೋಳು, ಅವಳ ಗಂಡ ಪಾತಲಿಂಗ ಅನ್ನೋನು ಮನೆ ಕಟ್ಕೊಳ್ಳೋಕೆ ಬಂದ್ರಂತೆ. ಹೊಳೆ ಬಂದು ಅವರ ಊರೇ ಕೊಚ್ಕೊಂಡು ಹೋಗಿತ್ತು. ಅವಳು ತುಂಬಿದ ಬಸುರಿ, ಕೂಸು ಹುಟ್ಟೋದ್ರೊಳಗೆ ತಲೆ ಮೇಲೆ ಒಂದು ಸೂರು ಬೇಕಿತ್ತು. ಬೇರೆ ಜಾಗ ಇರ್ಲಿಲ್ವಾ ಅಂತೀಯಾ? ಒಳ್ಳೆ ಜಾಗಕ್ಕೆಲ್ಲ ಯಾರೋ ಒಬ್ಬ ಯಜಮಾನ ಇದ್ದೇ ಇರ್ತಾನಲ್ಲ ಮಗಾ.

ಆಮೇಲೆ ಅವರು ಜಾಲಿ ಕಡಿದು, ಬೇರು ಕಿತ್ತು, ಕಲ್ಲು ಆರಿಸಿ, ನೆಲ ಸಮ ಮಾಡಿ, ಮೂಲೆಮೂಲೆಗೆ ಗೂಟ ಹೊಡೆದು ದಾರ ಕಟ್ಟಿದ್ರಂತೆ, ಇಲ್ಲಿ ಪಡಸಾಲೆ, ಇಲ್ಲಿ ಅಡಿಗೆಮನೆ, ಇಲ್ಲಿ ಬಾಣಂತಿ ಕೋಣೆ ಅಂತ. ಬೆಳಿಗ್ಗೆ ಎದ್ದು ನೋಡ್ತಾರೆ, ಗೂಟಗಳೆಲ್ಲ ಒಂದು ಮಾರು ಆಚೆಗೆ ಸರಿದಿದ್ವಂತೆ. ದಾರ ಹರಿದಿಲ್ಲ, ಗಂಟು ಬಿಚ್ಚಿಲ್ಲ. ನರಿ ಎಳೆದಿರ್ಬೇಕು ಅಂದ ಪಾತಲಿಂಗ. ನರಿ ಎಳೆದ ಗೂಟ ಇಷ್ಟು ನೆಟ್ಟಗೆ ನಿಲ್ಲುತ್ತಾ ಅಂತ ಓಬಕ್ಕ ಮನಸ್ಸಲ್ಲೇ ಅಂದ್ಕೊಂಡ್ಲಂತೆ.

ಆಮೇಲೆ ಮತ್ತೆ ಮೊದಲಿನ ಜಾಗಕ್ಕೇ ಗೂಟ ಹೊಡೆದು ಪಾಯ ತೋಡಿದ್ರಂತೆ. ಸಂಜೆವರೆಗೆ ತೋಡಿದ್ದು ಬೆಳಿಗ್ಗೆಗೆ ಮುಚ್ಚಿತ್ತು. ಮುಚ್ಚಿದ್ದಷ್ಟೇ ಅಲ್ಲ ಪುಟ್ಟಿ, ಮೇಲೆ ಸಗಣಿ ಸಾರಿಸಿತ್ತಂತೆ, ಇನ್ನೂ ಹಸಿಹಸಿಯಾಗಿ, ಬೆರಳಿನ ಗೆರೆ ಎದ್ದು ಕಾಣೋ ಹಂಗೆ. ಆ ಸುತ್ತಮುತ್ತ ಒಂದು ದನಾನೂ ಇರ್ಲಿಲ್ಲ.

ಪಾತಲಿಂಗನಿಗೆ ಸಿಟ್ಟು ಬಂತು. ನಡುಮಧ್ಯಾಹ್ನ ಹಾರೆ ಎತ್ತಿ ಆ ಸಾರಿಸಿದ ನೆಲಕ್ಕೇ ಹೊಡೆದ್ನಂತೆ. ಠಣ್ ಅಂತು. ಮಣ್ಣು ಸರಿಸಿದ್ರೆ ಮೂರು ಒಲೆಗುಂಡು, ನಡುವೆ ಬೂದಿ. ಓಬಕ್ಕ ಕೈ ಇಟ್ಟು ನೋಡಿದ್ರೆ ಬೂದಿ ಬೆಚ್ಚಗಿತ್ತಂತೆ. ಬೇಡ, ಬಿಟ್ಬಿಡು ಅಂದ್ಲು. ಅವನು ಕೇಳ್ಲಿಲ್ಲ, ಒಂದು ಗುಂಡು ಕಿತ್ತು ಪೊದೆಗೆ ಎಸೆದ. ಎಸೆದಿದ್ದೇ ತಡ, ಅವನ ಮಾತು ನಿಂತೋಯ್ತು. ತುಟಿ ಅಲುಗುತ್ತೆ, ದನಿ ಇಲ್ಲ. ಗಾಳಿನೂ ನಿಂತಿತ್ತು. ಆಗ ನೆಲದೊಳಗಿಂದ ಒಬ್ಬ ಮುದುಕಿ ಮೆಲ್ಲಗೆ ಕೇಳಿದ್ಲಂತೆ, ಯಾರವ್ವಾ ನೀನು, ನನ್ನ ಒಲೆ ಮೇಲೆ ಗೋಡೆ ಎಬ್ಬಿಸೋಕೆ ಬಂದೋಳು?

ಓಬಕ್ಕ ಓಡೋಕೆ ಎದ್ಲು. ಓಡಿದ್ರೆ ಗಂಡ ಮೂಗನಾಗೇ ಉಳೀತಾನೆ. ಹೊಟ್ಟೆ ಹಿಡ್ಕೊಂಡು ಅಲ್ಲೇ ಕೂತು, ಕೇಳದೆ ಬಂದ್ವಿ ಅವ್ವಾ, ತಪ್ಪಾಯ್ತು, ನಮಗೆ ಬೇರೆ ನೆಲೆ ಇಲ್ಲ, ನಿನಗೇನಾಗ್ಬೇಕು ಹೇಳು ಅಂದ್ಲಂತೆ.

ಆಗ ಮುದುಕಿ, ಇಲ್ಲಿ ಮನೆ ತುಂಬ ಜನ ಇದ್ವಿ ಮಗಳೇ, ಬೇನೆ ಬಂದು ಎಲ್ರೂ ಹೋದ್ರು, ಕೊನೇಲಿ ನಾನೊಬ್ಳು ಒಲೆ ಹಚ್ಚಿ ಎಸರಿಟ್ಟಿದ್ದೆ, ಉಣ್ಣೋಕೆ ಮುಂಚೆನೇ ಹೋದೆ, ಹಸಿವು ಇನ್ನೂ ಹೋಗಿಲ್ಲ ಅಂದ್ಲಂತೆ.

ಓಬಕ್ಕನಿಗೆ ಕಣ್ಣಲ್ಲಿ ನೀರು ಬಂತು. ಪೊದೆಯಿಂದ ಗುಂಡು ಹುಡುಕಿ ತಂದು ಜಾಗಕ್ಕಿಟ್ಟು, ಬೂದಿ ಕೆದಕಿ ಊದಿದ್ರೆ ಕೆಂಡ ಕಣ್ಣು ಬಿಡ್ತಂತೆ. ಗಂಟಿನಲ್ಲಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತಿರುವಿ, ಹುರುಳಿಸಾರು ಮಾಡಿ, ಮುತ್ತುಗದೆಲೆ ಮೂರು ಹಾಕಿ ಬಡಿಸಿದ್ಲು. ಗಂಡ ಹೆಂಡತಿ ತಲೆ ಬಗ್ಗಿಸಿ ಉಂಡ್ರು. ಪಕ್ಕದಲ್ಲಿ ಯಾರೋ ಸೊರ್ ಅಂತ ಸಾರು ಹೀರೋ ಸದ್ದು. ಇಬ್ರೂ ತಲೆ ಎತ್ತಲಿಲ್ಲ. ಉಂಡಾದ್ಮೇಲೆ ನೋಡ್ತಾರೆ, ಮೂರನೇ ಎಲೆ ಖಾಲಿ, ನೀಟಾಗಿ ಒಳಮುಖ ಮಡಚಿತ್ತಂತೆ. ಅವ್ವ ಹೊಟ್ಟೆತುಂಬ ಉಂಡ್ಲೇನೇ ಅಂತ ಪಾತಲಿಂಗ ಕೇಳಿದ್ನಂತೆ. ಮಾತು ಬಂದಿದ್ದು ಅವನಿಗೇ ಆಮೇಲೆ ಗೊತ್ತಾಯ್ತಂತೆ.

ಆಮೇಲೆ ಮುದುಕಿ ಸರಿಸಿಟ್ಟಿದ್ದ ಕಡೆಗೇ ಗೂಟ ಹೊಡೆದು ಪಾಯ ತೆಗೆದ್ರು, ಗೋಡೆ ಎದ್ದಿತು, ಸೂರು ಬಂತು. ಒಂದಿನ ಓಬಕ್ಕನಿಗೆ ನೋವು ಕಾಣಿಸ್ಕೊಂಡು, ಪಾತಲಿಂಗ ಸೂಲಗಿತ್ತೀನ ಕರ್ಕೊಂಡು ಬರೋದು ತಡ ಆಯ್ತಂತೆ. ಬಂದು ನೋಡಿದ್ರೆ, ಹೆಣ್ಣು ಕೂಸಿಗೆ ಆಗ್ಲೇ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಬಟ್ಟೆ ಸುತ್ತಿ ಮಲಗಿಸಿತ್ತಂತೆ. ಯಾರು ಮಾಡಿದ್ದು ತಾಯಿ ಅಂತ ಸೂಲಗಿತ್ತಿ ಕೇಳಿದ್ಲು. ನಮ್ಮ ಮನೆಯೋರೊಬ್ರು ಅಂದ್ಲಂತೆ ಓಬಕ್ಕ.

ಅವರು ಅಲ್ಲಿ ಸುಖವಾಗಿ ಬಾಳಿದ್ರು, ಕತೆ ಇಲ್ಲಿಗೆ ಮಲಗ್ತು. ನೀನೂ ಮಲಕ್ಕೋ.